ಹಾಡಿನ ಬದಲು ಇಂಗ್ಲಿಷ್ ಪದ

“ಹಾಡು ಬ್ಯಾಡಮ್ಮ. ಎ, ಇ, ಟಿ, ಆರ್ ನಾಲ್ಕೂ ಇರೋ ಇಂಗ್ಲಿಷ್ ಪದ ಹೇಳು, ನೋಡಾನ.”

ನನ್ನನ್ನು ನೋಡಲು ಅರಸೀಕೆರೆಯ ನಮ್ಮ ಮನೆಗೆ ಬಂದಿದ್ದ ಹುಡುಗನ ಅಪ್ಪ ಹೀಗೆಂದಾಗ ನನ್ನ ಕೈಯಲ್ಲಿ ಉಪ್ಪಿಟ್ಟಿನ ತಟ್ಟೆಗಳಿದ್ದವು. ಅವರು ಗಂಡಸಿ ಊರಿನ ಕೊಬ್ಬರಿ ವ್ಯಾಪಾರಿ. ಮೊಬೈಲಿನ ಪದದಾಟದಲ್ಲಿ ಬೆಳಿಗ್ಗೆಯಿಂದ ಸಿಕ್ಕಿಹಾಕಿಕೊಂಡಿದ್ದರಂತೆ. ಹಾಡು ತಪ್ಪಿದ ಖುಷಿಯಲ್ಲಿ ನಾನು, “ಮೊದಲು ಅವರು ಹೇಳಲಿ” ಎಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಹುಡುಗನತ್ತ ನೋಡಿದೆ.

ಬ್ಯಾಂಕಿನ ಸಾಹೇಬರು ಫ್ಯಾನ್ ನೋಡಿದರು, ಗೋಡೆ ನೋಡಿದರು, ಕೊನೆಗೆ ಕೈಯಲ್ಲಿದ್ದ ಲೋಟ ನೋಡಿ “ವಾಟರ್” ಎಂದರು. ನಾನು ಹಾರ್ಟ್, ಟೀಚರ್, ಥಿಯೇಟರ್ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ, “ಸಾಕು ಕಣೇ, ಅವರಿಗೂ ಒಂದೆರಡು ಬಿಡೇ!” ಎಂದು ಪಿಸುಗುಟ್ಟಿದ್ದು ಇಡೀ ಹಜಾರಕ್ಕೆ ಕೇಳಿಸಿತು. ಹುಡುಗನ ಅಪ್ಪ ಮಾತ್ರ ತೊಡೆ ತಟ್ಟಿಕೊಂಡು ನಗುತ್ತಾ ಒಂದೊಂದೇ ಪದವನ್ನು ಮೊಬೈಲಿಗೆ ತುಂಬುತ್ತಿದ್ದರು. ಉಪ್ಪಿಟ್ಟು ಆರಿ ತಣ್ಣಗಾಯಿತು. ಜಾತಕ ಕೇಳುವುದನ್ನೇ ಎಲ್ಲರೂ ಮರೆತರು.

ವಾರದೊಳಗೆ ಮಧ್ಯಸ್ಥರ ಮೂಲಕ ಉತ್ತರ ಬಂತು. ಹುಡುಗನಿಗೆ ಹುಡುಗಿ ಸ್ವಲ್ಪ ಜೋರು ಅನ್ನಿಸಿತಂತೆ. ಅಮ್ಮ ನನ್ನ ಜೊತೆ ಮಾತು ಬಿಟ್ಟಳು. ಮರುದಿನವೇ ಗಂಡಸಿಯಿಂದ ನನಗೆ ಫೋನ್ ಬಂತು. ಹುಡುಗನ ಅಪ್ಪ!

“ಆ ಪೆದ್ದನ ವಿಷ್ಯ ಬಿಡಮ್ಮ. ಇವತ್ತು ಎಲ್, ಎನ್, ಒ ಕೊಟ್ಟವ್ರೆ. ಏನಾದ್ರೂ ಹೊಳೀತದಾ?”

“ಲೆಮನ್” ಎಂದೆ.

ಅಂದಿನಿಂದ ದಿನಾ ಬೆಳಿಗ್ಗೆ ಅವರ ಫೋನ್ ಬರುತ್ತದೆ. ನನಗೆ ಗಂಡ ಇನ್ನೂ ಸಿಕ್ಕಿಲ್ಲ. ಮಾವ ಮಾತ್ರ ಸಿಕ್ಕಾಗಿದೆ.