ಕನ್ನಿಯಮ್ಮಾಳ್ ಟೀಚರ್ ನೋಡಿ ಬರೆದದ್ದು

ನಮ್ಮಕ್ಕ ಕನ್ನಿಯಮ್ಮಾಳ್ ಬಾಲವಾಡಿ ಟೀಚರು. ಕೊಯಮತ್ತೂರು ಹತ್ರ ಸೋಮನೂರು ಪಕ್ಕ ನಮ್ಮೂರು. ಚಿಕ್ಕ ಮಕ್ಕಳನ್ನ ನೋಡೋದು, ಯಾವ ಮಗು ಏನು ಕಲೀತು ಅಂತ ಬರೆಯೋದು ಅವಳ ಕೆಲಸ. ಅದನ್ನ ಅವಳು ಪೂಜೆ ಮಾಡ್ದಂಗೆ ಮಾಡ್ತಾಳೆ. ಆದ್ರೂ ಒಂದು ಮಗು ವಿಷಯದಲ್ಲಿ ತಪ್ಪಿಹೋಯ್ತು. ನಿವೇತಾ ಅಂತ ಆ ಮಗು. ಅವಳಿಗೆ ಕಿವಿ ಕೇಳ್ತಿರಲಿಲ್ಲ. ದಿನಾ ಎದುರಿಗೇ ಕೂತಿದ್ಳು, ಅಕ್ಕಂಗೆ ಗೊತ್ತೇ ಆಗಲಿಲ್ಲ.

ಅದು ಹೆಂಗೆ ಗೊತ್ತಾಗಲ್ಲ ಅಂತ ಹೊರಗಿನೋರು ಕೇಳ್ತಾರೆ. ಮಗ್ಗದ ಮನೆಯೋರು ಯಾರೂ ಕೇಳಲ್ಲ.

ಪವರ್ ಲೂಮ್ ಶೆಡ್ಡೊಳಗೆ ನಿಂತು ನೋಡಿ. ಪಕ್ಕದಲ್ಲಿ ನಿಂತೋನು ಕಿರುಚಿದ್ರೂ ಕೇಳಲ್ಲ. ಅದಕ್ಕೇ ನಾವು ಕಿರುಚೋದಿಲ್ಲ. ಬಾಯಿ ಮಾತ್ರ ಅಲ್ಲಾಡಿಸ್ತೀವಿ, ಸದ್ದು ಹಾಕಲ್ಲ. ಕೈಯಲ್ಲಿ ಸ್ವಲ್ಪ ತೋರಿಸ್ತೀವಿ. ದೂರ ಇರೋರನ್ನ ಕರೀಬೇಕು ಅಂದ್ರೆ ವೇಸ್ಟ್ ನೂಲು ಉಂಡೆ ಮಾಡಿ ಬೆನ್ನಿಗೆ ಎಸೀತೀವಿ. ಊಟ ಆಯ್ತಾ, ಜ್ವರ ಬಿಡ್ತಾ, ಅವನ ಮಗಳು ಯಾರ ಜೊತೆ ಹೋದ್ಳು, ಎಲ್ಲಾ ಹಿಂಗೇ. ಯಜಮಾನ ಬೆನ್ನು ತಿರುಗಿಸಿದ್ರೆ ಅವನನ್ನೂ ಹಿಂಗೇ ಬೈತೀವಿ. ಶೆಡ್ಡಿಂದ ಮನೆಗೆ ಬಂದ್ರೂ ಈ ಅಭ್ಯಾಸ ಹೋಗಲ್ಲ. ಗಂಡ ಹೆಂಡ್ತಿ ಜಗಳ ಆಡೋದೂ ಸದ್ದಿಲ್ದೆ. ಹೊರಗಿನೋರು ನೋಡಿ ನಗ್ತಾರೆ.

ಅಕ್ಕನೂ ಆ ಸದ್ದಲ್ಲೇ ಹುಟ್ಟಿದೋಳು. ಚಿಕ್ಕೋಳಿದ್ದಾಗ ಕಂಡಿಕೆಗೆ ನೂಲು ಸುತ್ತಿದ್ಳು, ಆಮೇಲೆ ಮಗ್ಗ ಓಡಿಸಿದ್ಳು. ಹತ್ತನೇ ಕ್ಲಾಸು ಪಾಸಾದೋಳು ನಮ್ಮನೇಲಿ ಅವಳೊಬ್ಳೇ. ತಮ್ಮ ನಾನು ಮೂರನೇ ಕ್ಲಾಸಿಗೇ ನಿಂತೆ. ಮದುವೆ ಆದ ಸ್ವಲ್ಪ ವರ್ಷಕ್ಕೇ ಅವಳ ಗಂಡ ತಂಗವೇಲು ಎದೆ ನೋವು ಅಂತ ಮಲಗಿದೋನು ಏಳಲಿಲ್ಲ. ಮಕ್ಕಳಾಗಿರಲಿಲ್ಲ. ಆಮೇಲೆ ಈ ಬಾಲವಾಡಿ ಕೆಲಸ ಸಿಕ್ತು. ಅಷ್ಟೊತ್ತಿಗೆ ಅವಳ ಕಿವಿ ಅರ್ಧ ಮಂದ ಆಗಿತ್ತು. ನಮ್ಮಲ್ಲಿ ಎಲ್ಲರ್ದೂ ಹಂಗೇ, ಅದನ್ನ ಯಾರೂ ಕಾಯಿಲೆ ಅನ್ನಲ್ಲ. ಮುಖ ನೋಡಿ ಮಾತಾಡಿದ್ರೆ ಎಲ್ಲಾ ತಿಳಿಯುತ್ತೆ.

ಬಾಲವಾಡಿ ಒಂದೇ ರೂಮು. ಗೋಡೆ ಆಚೆ ನಮ್ಮ ಯಜಮಾನ ದಂಡಪಾಣಿ ಶೆಡ್ಡು. ನಾನು ಅಲ್ಲೇ ಮಗ್ಗ ಓಡಿಸ್ತೀನಿ. ಮಧ್ಯಾಹ್ನ ಊಟದ ಡಬ್ಬ ತಗೊಂಡು ಬಾಲವಾಡಿ ವರಾಂಡಾದಲ್ಲಿ ಕೂರ್ತೀನಿ. ಹಂಗಾಗಿ ಅಕ್ಕನ ಕೆಲಸ ನಾನು ನೋಡಿದೀನಿ.

ಅವಳು ಕುರ್ಚಿ ಮೇಲೆ ಕೂರಲ್ಲ. ಒಂದು ಮಣೆ ಹಾಕ್ಕೊಂಡು ಮಕ್ಕಳ ಎತ್ತರಕ್ಕೆ ಕೂರ್ತಾಳೆ. ಸುಮ್ನೆ ನೋಡ್ತಾಳೆ. ಮಕ್ಕಳು ಮಲಗಿದ ಮೇಲೆ ನೋಟಲ್ಲಿ ಬರೀತಾಳೆ, ಆಮೇಲೆ ಗೌರ್ಮೆಂಟು ಕೊಟ್ಟಿರೋ ಫೋನಲ್ಲಿ ಹಾಕ್ತಾಳೆ. ಬರೆದದ್ದು ನಂಗೆ ಓದಿ ಹೇಳ್ತಾಳೆ. ಸೆಂದಿಲ್ ಇವತ್ತು ಡಬ್ಬ ಮುಚ್ಚಳ ತಾನೇ ತೆಗೆದ. ಕೃತ್ತಿಕಾ ಬಳಪ ಮುರಿದು ಪಕ್ಕದೋಳಿಗೆ ಕೊಟ್ಳು, ದೊಡ್ಡ ತುಂಡು ತಾನಿಟ್ಕೊಂಡ್ಳು. ಹಿಂಗೆ.

ಅಡುಗೆ ಮಾಡೋ ಆಯಾ ಪಳನಿಯಮ್ಮ ರೇಗಿಸ್ತಿದ್ಳು. "ಟೀಚರಮ್ಮಾ, ನಾನು ಸಾಂಬಾರಿಗೆ ಉಪ್ಪು ಹಾಕ್ದೆ. ಅದನ್ನೂ ಬರ್ಕೊಳ್ಳಿ."

"ಸಾಲ್ದು ಅಂತಾನೂ ಸೇರಿಸಿ ಬರೀತೀನಿ, ಮೊದ್ಲು ಸೌಟು ತಾ" ಅಂತಿದ್ಳು ಅಕ್ಕ.

ನಿವೇತಾ ನಮ್ಮ ಬೀದಿ ಲೋಗನಾಥನ್, ಗೋಕಿಲಾ ಅವರ ಮಗಳು. ಅವರ ಮನೆ ಹಿಂದೇನೇ ಅವರ ಶೆಡ್ಡು. ಗಂಡ ಹೆಂಡ್ತಿ ಇಬ್ಬರೇ ಓಡಿಸ್ತಾರೆ. ಹುಟ್ಟಿದಾಗಿಂದ ಮಗು ತೊಟ್ಲು ಶೆಡ್ಡಲ್ಲೇ ತೂಗಾಡ್ತಿತ್ತು. ಮೂರು ತುಂಬಿದ ಮೇಲೆ ಬಾಲವಾಡಿಗೆ ಬಂದ್ಳು. ಕಣ್ಣು ಅಂದ್ರೆ ಅವಳ್ದು ಕಣ್ಣು. ನೀವು ಬಾಯಿ ತೆಗೆದ್ರೆ ಸಾಕು, ನಿಮ್ಮ ಬಾಯನ್ನೇ ನೋಡ್ತಾಳೆ. ಅಕ್ಕ ಎದುರು ಕೂತು "ಊಟಕ್ಕೆ ಏನ್ ತಿಂದೆ ಕಂದಾ?" ಅಂದ್ರೆ "ಇಡ್ಲಿ" ಅಂತ ಬಾಯಿ ಅಲ್ಲಾಡಿಸ್ತಿದ್ಳು. ಅಕ್ಕಂಗೆ ತಿಳೀತಿತ್ತು. ಕೇಳಿದ್ದಕ್ಕೆಲ್ಲಾ ಉತ್ತರ ಹೇಳ್ತಾಳೆ, ಮೆಲ್ಲಗೆ ಮಾತಾಡ್ತಾಳೆ, ಚುರುಕು ಅಂತ ಬರೆದ್ಳು.

ಒಂದಿನ ಮಗುನ ಕರ್ಕೊಂಡು ಹೋಗೋಕೆ ಬಂದ ಗೋಕಿಲಾ ಬಾಗಿಲಲ್ಲೇ ನಿಂತ್ಳು.

"ಟೀಚರಕ್ಕ, ಇವಳು ಜೋರಾಗಿ ಮಾತೇ ಆಡಲ್ವಲ್ಲ. ಅತ್ತೆ ಸುಮ್ನೆ ಇರಲ್ಲ, ಮೂಗಿ ಅಂತಾರೆ."

"ನೀನು ಶೆಡ್ಡಲ್ಲಿ ಜೋರಾಗಿ ಆಡ್ತೀಯಾ?"

"ಇಲ್ಲ."

"ಮತ್ತೆ? ಶೆಡ್ಡಲ್ಲಿ ಬೆಳೆದ ಮಗು. ನಮ್ಮ ತರಾನೇ ಮಾತಾಡ್ತಾಳೆ. ನಿಮ್ಮತ್ತೆಗೆ ಹೇಳು, ಮೂಗಿ ಅಲ್ಲ, ಬುದ್ಧಿವಂತೆ."

ಗೋಕಿಲಾ ನಕ್ಕೊಂಡು ಹೋದ್ಳು.

ಮಕ್ಕಳನ್ನ ನೋಡೋಕೆ ಒಂದು ಸಲ ಡಾಕ್ಟರು ಬಂದಿದ್ರು. ಯಾವ ಮಗುನ ಜಾಸ್ತಿ ನೋಡಬೇಕು ಟೀಚರ್ ಅಂತ ಕೇಳಿದ್ರು. ಅಕ್ಕ ಸೆಂದಿಲ್‌ನ ತೋರಿಸಿದ್ಳು, ಅವನ ಒಂದು ಕಾಲು ಸಣ್ಣ. ಕೃತ್ತಿಕಾನ ತೋರಿಸಿದ್ಳು, ಅವಳು ತೂಕ ಏರ್ತಿರಲಿಲ್ಲ. ನಿವೇತಾ ಬಗ್ಗೆ ಏನೂ ತೊಂದ್ರೆ ಇಲ್ಲ ಅಂದ್ಳು. ಅವರು ಹಲ್ಲು ನೋಡಿದ್ರು, ಕಣ್ಣು ನೋಡಿದ್ರು, ಕೆನ್ನೆ ತಟ್ಟಿ ಕಳಿಸಿದ್ರು.

ಹಿಂಗೇ ನಡೀತಿತ್ತು. ಆ ವರ್ಷ ಕೂಲಿ ಏರಿಸಬೇಕು ಅಂತ ಮಗ್ಗದೋರೆಲ್ಲಾ ಮುಷ್ಕರ ಹೂಡಿದ್ವಿ. ಎಲ್ಲಾ ಶೆಡ್ಡೂ ನಿಂತುಹೋಯ್ತು. ಸದ್ದು ನಿಂತ್ರೆ ನಮ್ಮೂರು ನಮ್ಮೂರು ತರಾ ಇರಲ್ಲ. ಯಾರ ಮನೇಲೋ ಪಾತ್ರೆ ತೊಳೆಯೋದು ಬೀದಿ ಕೊನೇವರೆಗೂ ಕೇಳ್ತಿತ್ತು. ಎಲ್ಲೋ ಸಾವಾದ ಹಂಗಿತ್ತು. ನಂಗೆ ಕೆಲಸ ಇರಲಿಲ್ಲ, ಬೆಳಗ್ಗಿಂದಾನೇ ಬಾಲವಾಡಿ ವರಾಂಡಾದಲ್ಲಿ ಕೂತಿದ್ದೆ.

ಒಳಗೆ ಅಕ್ಕ ಒಬ್ಬೊಬ್ಬರನ್ನೇ ಬಣ್ಣ ಕೇಳ್ತಿದ್ಳು. ಮಕ್ಕಳ ದನಿ ಒಂದೊಂದೂ ಬೇರೆ ಬೇರೆ ಕೇಳ್ತಿತ್ತು. ನಿವೇತಾ ಸರದಿ ಬಂತು. ಅಕ್ಕ ಕೆಂಪು ಮುಚ್ಚಳ ತೋರಿಸಿದ್ಳು. ಮಗು ಬಾಯಿ ಅಲ್ಲಾಡಿಸ್ತು.

"ಜೋರಾಗಿ ಹೇಳು ಕಂದಾ."

ಮಗು ಇನ್ನೂ ದೊಡ್ಡದಾಗಿ ಬಾಯಿ ತೆಗೀತು. ಸದ್ದಿಲ್ಲ.

ತನ್ನ ಕಿವೀದೇ ದೋಷ ಅಂದ್ಕೊಂಡ್ಳು ಅಕ್ಕ. "ಪಳನಿಯಮ್ಮಾ, ಇವಳು ಏನಂದ್ಳು, ನಿಂಗೆ ಕೇಳ್ತಾ?"

"ಎಲ್ಲಿ ಏನಂದ್ಳು? ಬರೀ ಬಾಯಿ ಬಿಟ್ಳು."

ಅಕ್ಕ ಮುಚ್ಚಳ ಕೆಳಗಿಟ್ಳು. ಆಮೇಲೆ ಮೆಲ್ಲಗೆ, "ಒಂದು ತಟ್ಟೆ ತಗೊಂಡು ಮಕ್ಕಳ ಹಿಂದೆ ಹೋಗಿ ಕೆಳಗೆ ಹಾಕು" ಅಂದ್ಳು.

"ಯಾಕ್ ಟೀಚರಮ್ಮಾ, ಸೊಟ್ಟಗಾಗುತ್ತೆ."

"ಹಾಕು."

ತಟ್ಟೆ ಬಿತ್ತು. ನಾನು ವರಾಂಡಾದಲ್ಲಿದ್ದೋನೂ ಬೆಚ್ಚಿಬಿದ್ದೆ. ಮಕ್ಕಳೆಲ್ಲಾ ತಿರುಗಿ ನೋಡಿದ್ವು. ನಿವೇತಾ ತಿರುಗಲಿಲ್ಲ. ಪಕ್ಕದ ಮಕ್ಕಳ ಮುಖ ನೋಡಿದ್ಳು. ಎಲ್ಲರೂ ಹಿಂದೆ ನೋಡ್ತಿದಾರೆ ಅಂತ ಆಮೇಲೆ ತಾನೂ ತಿರುಗಿದ್ಳು.

ಅಕ್ಕ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ.

ಸಾಯಂಕಾಲ ನನ್ನ ಕರ್ಕೊಂಡು ಲೋಗನಾಥನ್ ಮನೆಗೆ ಹೋದ್ಳು. ಅವನು ನಂಬಲೇ ಇಲ್ಲ. "ಏನ್ ಟೀಚರಕ್ಕ, ಇವಳು ಅತ್ರೆ ಊರಿಗೇ ಕೇಳುತ್ತೆ. ನಮ್ಮ ಮಾತೆಲ್ಲಾ ತಿಳೀತಾಳೆ. ಇವಳಿಗೆ ಕಿವಿ ಕೇಳಲ್ಲ ಅಂತೀರಲ್ಲ."

ಗೋಕಿಲಾ ಮಗು ಹಿಂದೆ ಹೋಗಿ ನಿಂತ್ಳು. "ನಿವೇತಾ" ಅಂದ್ಳು. ಆಮೇಲೆ ಕೂಗಿದ್ಳು. ಮಗು ನೆಲದ ಮೇಲೆ ಕೂತು ನೂಲು ಸಿಕ್ಕು ಬಿಡಿಸ್ತಾನೇ ಇತ್ತು. ಇಷ್ಟು ವರ್ಷ ಆ ಮನೇಲಿ ಯಾರೂ ಯಾರನ್ನೂ ಹಿಂದಿಂದ ಕೂಗಿರಲಿಲ್ಲ.

"ನಮ್ಮ ತರಾ ಅಂತ ನೀವೇ ಅಲ್ವಾ ಹೇಳಿದ್ದು" ಅಂದ್ಳು ಗೋಕಿಲಾ. ಬೈದಂಗೆ ಹೇಳಲಿಲ್ಲ. ಕೇಳಿದ್ಳು ಅಷ್ಟೇ.

"ಹೌದು. ನಾನೇ ಹೇಳಿದ್ದು."

ಕೊಯಮತ್ತೂರಿಗೆ ಹೋದ್ವಿ, ಅಕ್ಕ, ಗೋಕಿಲಾ, ಮಗು, ಜೊತೆಗೆ ನಾನು. ಆಸ್ಪತ್ರೇಲಿ ಸದ್ದು ಬರದಂಗೆ ಮುಚ್ಚಿರೋ ರೂಮಲ್ಲಿ ಮಗುನ ಕೂರಿಸಿ ನೋಡಿದ್ರು. ಡಾಕ್ಟರಮ್ಮ ಒಳ್ಳೆಯೋರು, ನಿಧಾನವಾಗಿ ಹೇಳಿದ್ರು. ಕಿವಿ ಹುಟ್ಟಿನಿಂದಲೇ ಮಂದ. ಸ್ವಲ್ಪ ಉಳಿದಿದೆ. ಮಿಷಿನ್ ಹಾಕಿದ್ರೆ ಸದ್ದು ತಿಳಿಯುತ್ತೆ. ಆದ್ರೆ ದನಿ ತೆಗೆದು ಮಾತಾಡೋದು ಚಿಕ್ಕ ವಯಸ್ಸಲ್ಲೇ ಬರಬೇಕು. ತಡ ಆಗಿದೆ. ಈಗ ಬಿಟ್ರೆ ಆಮೇಲೆ ಬರೋದು ಬಹಳ ಕಷ್ಟ.

ಮಾತು ಕಲಿಸೋ ಇನ್ನೊಬ್ಬ ಮೇಡಂ ಅಕ್ಕಂಗೆ ಎರಡು ವಿಷಯ ಹೇಳಿಕೊಟ್ರು. ಮಗು ಜೊತೆ ಮಾತಾಡುವಾಗ ಬಾಯಿಗೆ ಏನಾದ್ರೂ ಅಡ್ಡ ಹಿಡೀಬೇಕು, ತುಟಿ ಕಾಣಿಸಬಾರದು, ಕಿವಿಯಿಂದ ಕೇಳೋಕೆ ಕಲೀಲಿ. ಮಗು ಸದ್ದಿಲ್ದೆ ಬರೀ ತುಟಿ ಅಲ್ಲಾಡಿಸಿದ್ರೆ ತಿಳೀಲಿಲ್ಲ ಅಂತ ತಲೆ ಅಲ್ಲಾಡಿಸಬೇಕು. ದನಿ ಬಂದ್ರೆ ಮಾತ್ರ ಉತ್ತರ.

"ತಿಳಿದ್ರೂನಾ?" ಅಂದ್ಳು ಅಕ್ಕ.

"ತಿಳಿದ್ರೂ. ಇಲ್ಲಾಂದ್ರೆ ಅವಳಿಗೆ ದನಿ ಯಾಕೆ ಬೇಕು ಹೇಳಿ?"

ಬಸ್ಸಲ್ಲಿ ವಾಪಸ್ಸು ಬರುವಾಗ ಮಗು ಕಿಟಕಿ ಹೊರಗಿಂದು ಏನೇನೋ ತೋರಿಸಿ ಅಕ್ಕಂಗೆ ಬಾಯಿ ಅಲ್ಲಾಡಿಸ್ತಾನೇ ಇತ್ತು. ಅಕ್ಕ ಒಂದಕ್ಕೂ ಏನೂ ಹೇಳಲಿಲ್ಲ. ಮುಖ ಬೇರೆ ಕಡೆ ಮಾಡಿಕೊಂಡು ಕೂತಿದ್ಳು.

ಮಿಷಿನ್ ಬರೋ ಹೊತ್ತಿಗೆ ಮುಷ್ಕರ ಮುಗಿದಿತ್ತು, ಮಗ್ಗ ಮತ್ತೆ ಓಡ್ತಿತ್ತು. ಮಿಷಿನ್‌ಗೆ ಮಾತು ಯಾವುದು, ಮಗ್ಗ ಯಾವುದು ಅಂತ ಗೊತ್ತಾ? ಎಲ್ಲಾನೂ ದೊಡ್ಡದು ಮಾಡುತ್ತೆ. ಮನೇಲಿ ಹಾಕಿದ ತಕ್ಷಣ ಮಗು ಚೀರಿ ಕಿತ್ತೆಸೀತು. ಗೋಕಿಲಾ ಮತ್ತೆ ಹಾಕೋದು, ಮಗು ಮತ್ತೆ ಕೀಳೋದು. ಲೋಗನಾಥನ್ ಅಕ್ಕನ ಹತ್ರ ಬಂದು, "ಮಗ್ಗ ನಿಲ್ಲಿಸಿದ್ರೆ ತಿನ್ನೋದು ಏನನ್ನ ಟೀಚರಕ್ಕ? ಬೇರೆ ಮನೆ ಮಾಡೋ ಶಕ್ತಿ ನನಗಿಲ್ಲ" ಅಂದ.

"ಬಾಲವಾಡೀಲೇ ಹಾಕ್ತೀನಿ" ಅಂದ್ಳು ಅಕ್ಕ.

ದಂಡಪಾಣಿ ಹತ್ರ ಅಕ್ಕನೇ ಹೋಗಿ ಕೇಳಿದ್ಳು. ಊಟದ ಹೊತ್ತಲ್ಲಿ ಗೋಡೆ ಕಡೆ ಮಗ್ಗ ನಿಲ್ಲಿಸೋಕೆ ಅವನು ಒಪ್ಪಿದ. "ಇನ್ನೂ ಜಾಸ್ತಿ ಕೇಳಬೇಡಿ ಅಕ್ಕ, ಆರ್ಡರ್ ಇದೆ" ಅಂದ. ಆ ಸ್ವಲ್ಪ ಹೊತ್ತೇ ಮಗುಗೆ ಸಿಗ್ತಿತ್ತು. ಬೇರೆ ಮಕ್ಕಳು ಮಲಗಿದ ಮೇಲೆ ಅಕ್ಕ ನಿವೇತಾ ಕಿವಿಗೆ ಮಿಷಿನ್ ಹಾಕಿ ಎದುರಿಗೆ ಕೂರ್ತಿದ್ಳು. ಬೀಸಣಿಗೆ ಬಾಯಿಗೆ ಅಡ್ಡ ಹಿಡಿದು "ನಿವೇತಾ" ಅಂತಿದ್ಳು. ಮಗು ಎದ್ದು ಬೀಸಣಿಗೆ ಆಚೆ ಇಣುಕಿ ತುಟಿ ಹುಡುಕ್ತಿತ್ತು. ಮೊದಮೊದ್ಲು ಆಟ ಅಂತ ನಗ್ತಿತ್ತು.

ಒಂದಿನ ನಾನು ಊಟ ಮಾಡ್ತಾ ಇದ್ದೆ. ಬಿಸಿಲು ಜೋರು. ಮಗು ಅಕ್ಕನ ಹತ್ರ ಬಂದು "ನೀರು" ಅಂತ ಬಾಯಿ ಅಲ್ಲಾಡಿಸ್ತು. ನಂಗೇ ಅಲ್ಲಿಂದ ಕಾಣಿಸ್ತು. ಅಕ್ಕ ತಲೆ ಅಲ್ಲಾಡಿಸಿದ್ಳು, ತಿಳೀಲಿಲ್ಲ ಅಂತ. ಮಗು ಇನ್ನೂ ಹತ್ರ ಬಂತು. ಅಕ್ಕನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸ್ತು. ನಿಧಾನವಾಗಿ, ಬಿಡಿಸಿ ಬಿಡಿಸಿ, ಮತ್ತೆ "ನೀರು" ಅಂತು. ಸದ್ದಿಲ್ಲ. ಅಕ್ಕ ಮತ್ತೆ ತಲೆ ಅಲ್ಲಾಡಿಸಿದ್ಳು.

ಮಗು ಅಕ್ಕನ್ನೇ ನೋಡ್ತು. ಆಮೇಲೆ ಕೈ ಬಿಡ್ತು. ತಾನೇ ಹೋಗಿ ಬಿಂದಿಗೆಯಿಂದ ಮೊಗೆದು ಕುಡೀತು. ಫ್ರಾಕೆಲ್ಲಾ ಒದ್ದೆ ಆಯ್ತು.

"ಕೊಡಬಹುದಿತ್ತಲ್ವಾ?" ಅಂದೆ ನಾನು.

"ಕೊಟ್ಟಿದ್ರೆ ದನಿ ಬರುತ್ತಾ ದೇವು?" ಅಂದ್ಳು. ಚೆಲ್ಲಿದ ನೀರು ಒರೆಸ್ತಾ, "ಕೊಡದೇನೂ ಬರ್ಲಿಲ್ಲ" ಅಂದ್ಳು.

ಅವತ್ತು ಬರೆದದ್ದನ್ನ ಅವಳು ಓದಿ ಹೇಳಲಿಲ್ಲ. ನಾನೇ ಕೇಳಿ ಓದಿಸಿದೆ. "ನೀರು ಕೇಳಿದಳು. ನಾನು ಕೊಡಲಿಲ್ಲ. ತಾನೇ ಕುಡಿದಳು" ಅಂತಿತ್ತು.

ಅದಾದ ಮೇಲೆ ಮಗು ಅಕ್ಕನ್ನ ಏನೂ ಕೇಳ್ತಿರಲಿಲ್ಲ. ಪಳನಿಯಮ್ಮನ ಸೀರೆ ಹಿಡ್ಕೊಂಡು ಓಡಾಡ್ತಿತ್ತು. ಮಿಷಿನ್ ಹಾಕೋಕೆ ಅಕ್ಕ ಕೈ ಚಾಚಿದ್ರೆ ಕಿವಿ ಮುಚ್ಕೋತಿತ್ತು. ಅಕ್ಕ ಬಿಡಲಿಲ್ಲ. ದಿನಾ ಕೂರಿಸಿದ್ಳು, ದಿನಾ ಬೀಸಣಿಗೆ ಹಿಡಿದ್ಳು, ದಿನಾ ಬರೆದ್ಳು. ದನಿ ಬರಲಿಲ್ಲ. ಹಿಂದಿಂದ ಚಪ್ಪಾಳೆ ತಟ್ಟಿದ್ರೆ ಮಾತ್ರ ಒಂದೊಂದು ಸಲ ತಿರುಗ್ತಿತ್ತು. ಅದನ್ನೂ ಬರೆದ್ಳು.

ಜೂನಲ್ಲಿ ಕೊಯಮತ್ತೂರಲ್ಲಿ ಇಂಥ ಮಕ್ಕಳ ಸ್ಕೂಲಲ್ಲಿ ಜಾಗ ಸಿಕ್ತು. ಹಾಸ್ಟೆಲು. ಇಷ್ಟು ಚಿಕ್ಕ ಮಗುನ ಬಿಟ್ಟು ಹೆಂಗಿರ್ತೀಯಾ ಅಂತ ಬೀದಿಯೋರೆಲ್ಲಾ ಗೋಕಿಲಾನ ಕೇಳಿದ್ರು. "ಇಲ್ಲಿಟ್ಕೊಂಡ್ರೆ ಮಗ್ಗದ ಸದ್ದು ಬಿಟ್ರೆ ಇನ್ನೇನು ಕೇಳುತ್ತೆ?" ಅಂದ್ಳು ಅವಳು. ಅಲ್ಲಿ ದನಿ ಬರುತ್ತೆ ಅಂತ ಅಲ್ಲೂ ಯಾರೂ ಮಾತು ಕೊಟ್ಟಿಲ್ಲ.

ಹೊರಡೋ ದಿನ ಗೋಕಿಲಾ ಮಗುನ ಬಾಲವಾಡಿಗೆ ಕರ್ಕೊಂಡು ಬಂದ್ಳು. ಹೊಸ ಫ್ರಾಕು, ತಲೆಗೆ ಕನಕಾಂಬರ. ಅಕ್ಕ ಮಣೆ ಮೇಲೆ ಕೂತಿದ್ಳು. ನಾನು ಬಾಗಿಲ ಹತ್ರ ಇದ್ದೆ. ಪಳನಿಯಮ್ಮ ಮಗುಗೆ ಒಂದು ಡಬ್ಬದಲ್ಲಿ ಬಾಲವಾಡಿಗೆ ಬರೋ ಸತ್ತುಮಾವು ಹಿಟ್ಟಿನ ಉಂಡೆ ಹಾಕ್ತಾ, ಕೈ ತೋರಿಸಿ, "ಟೀಚರಮ್ಮಂಗೆ ಹೋಗ್ಬರ್ತೀನಿ ಅಂತ ಹೇಳು ಕಂದಾ" ಅಂದ್ಳು. ಡಬ್ಬ ಮುಚ್ಚೋಕೆ ಬಗ್ಗಿದ್ಳು.

ಮಗು ಅಕ್ಕನ ಕಡೆ ಒಂದು ಸಲ ನೋಡ್ತು. ಆಮೇಲೆ ಪಳನಿಯಮ್ಮನ ಕಡೆ ತಿರುಗಿ ಬಾಯಿ ಅಲ್ಲಾಡಿಸ್ತು. "ಟೀಚರ್‌ಗೆ ಹೇಳಿದ್ರೆ ತಿಳಿಯಲ್ಲ."

ಪಳನಿಯಮ್ಮ ಬಗ್ಗಿಕೊಂಡಿದ್ಳು, ನೋಡಲಿಲ್ಲ. ನಾನು ನೋಡಿದೆ. ಅಕ್ಕನೂ ನೋಡಿದ್ಳು. ಮಗು ಅಮ್ಮನ ಕೈ ಹಿಡ್ಕೊಂಡು ಮೆಟ್ಟಿಲು ಇಳೀತು.

"ಹೇಳಿದ್ಳಾ ಟೀಚರಮ್ಮಾ, ಏನಂದ್ಳು?" ಅಂದ್ಳು ಪಳನಿಯಮ್ಮ.

ಅಕ್ಕ ನೋಟು ತೆಗೆದು ತೊಡೆ ಮೇಲೆ ಇಟ್ಕೊಂಡಿದ್ಳು.

"ಸದ್ದು ಬರ್ಲಿಲ್ಲ" ಅಂದ್ಳು.