ಸ್ಟೌವ್ ಹಚ್ಚಬೇಡಮ್ಮ

ಎಂಬತ್ತರ ದಶಕದಲ್ಲಿ ನಾನು ಗುಬ್ಬಿಯಿಂದ ತುಮಕೂರಿಗೆ ಬಸ್ಸಿನಲ್ಲಿ ಓಡಾಡಿಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ಆಗೊಂದು ದಿನ ಅಪ್ಪನ ಸ್ಕೂಟರಿನಲ್ಲಿ ಕುಣಿಗಲ್ಲಿಗೆ ಹೋಗುವಾಗ ಅಮ್ಮನ ಸೆರಗು ಚಕ್ರಕ್ಕೆ ಸಿಕ್ಕಿ, ಅವಳು ರಸ್ತೆಗೆ ಬಿದ್ದಳು. ತಲೆಗೆ ಪೆಟ್ಟು. ಗಾಯವೇನೋ ಮಾಯಿತು. ಹಳೆಯದೆಲ್ಲ ನೆನಪಿತ್ತು, ಚಿಕ್ಕಂದಿನಲ್ಲಿ ನಾನು ಮಾಡಿದ ರಂಪವೂ ಸೇರಿ. ಹೊಸದು ಮಾತ್ರ ಒಂದು ಗಳಿಗೆಯೂ ನಿಲ್ಲದು. ಹೊಸದೇನಾದರೂ ನಿಲ್ಲತೊಡಗಿದರೆ ಆಸೆ ಇಟ್ಟುಕೊಳ್ಳಬಹುದು, ಇಲ್ಲದಿದ್ದರೆ ಇಷ್ಟೇ ಎಂದಿದ್ದರು ಡಾಕ್ಟರು.

ನನ್ನ ಜೀವ ಹಿಂಡುತ್ತಿದ್ದದ್ದು ಸೀಮೆಎಣ್ಣೆ ಸ್ಟೌವ್. ಹಚ್ಚಿದ್ದನ್ನು ಮರೆತು ಅಮ್ಮ ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಎಣ್ಣೆ ಬಚ್ಚಿಟ್ಟರೆ ಎದುರುಮನೆಯಿಂದ ಇಸಕೊಂಡು ಬರುತ್ತಿದ್ದಳು, ಮಹಾತಾಯಿ. ಅಪ್ಪ ಅಂತರಸನಹಳ್ಳಿಯ ಕಾರ್ಖಾನೆಗೆ, ನಾನು ಕಾಲೇಜಿಗೆ. ಕಾವಲಿಗಿದ್ದ ಪಕ್ಕದ ಮನೆ ಅಜ್ಜಿಯದು ಮಧ್ಯಾಹ್ನವಾದರೆ ಗೊರಕೆ. ಸಂಜೆ ಬಸ್ಸಿಳಿದವಳು ಮೊದಲು ನಮ್ಮ ಬೀದಿಯ ಕಡೆ ಹೊಗೆ ಕಾಣುತ್ತಿದೆಯೇ ಎಂದು ನೋಡುತ್ತಿದ್ದೆ.

ಆಗಲೇ ಕ್ಲಾಸಿನಲ್ಲಿ ಲೆಕ್ಚರರು ನೆನಪಿನ ಪಾಠ ತೆಗೆದರು. ಸುದ್ದಿ ಜೀವಕೋಶದ ಬಾಗಿಲಿಗೆ ಬಂದರೆ ಸಾಲದು; ಒಳಗಿನ ರಾಸಾಯನಿಕಗಳು ಅದನ್ನು ಕೈಯಿಂದ ಕೈಗೆ ದಾಟಿಸಿ ನ್ಯೂಕ್ಲಿಯಸ್ಸಿಗೆ ಮುಟ್ಟಿಸಬೇಕು, ಅಲ್ಲಿಂದ ಅಪ್ಪಣೆಯಾಗಿ ಹೊಸ ಪ್ರೋಟೀನು ತಯಾರಾದರೆ ಮಾತ್ರ ನೆನಪು ಬಹುಕಾಲ ಉಳಿಯುತ್ತದೆ. ಇಲ್ಲದಿದ್ದರೆ ಹೀಗೆ, ಎಂದು ಬೋರ್ಡು ಒರೆಸಿದರು. ಎಲ್ಲರೂ ಬರೆದುಕೊಂಡರು, ನನಗೆ ಕೈ ಓಡಲಿಲ್ಲ. ಅಮ್ಮನ ತಲೆಯಲ್ಲಿ ಆ ದಾರಿಯೇ ಕಡಿದುಹೋಗಿದ್ದರೆ? ಪಾಠ ಮುಗಿದ ಮೇಲೆ ಅಮ್ಮನ ವಿಷಯ ಹೇಳಿ ಅವರನ್ನೇ ಕೇಳಿದೆ. ಒಂದೇ ಮಾತನ್ನು ಬಿಡುವು ಕೊಟ್ಟು ಕೊಟ್ಟು ಹೇಳಿ ನೋಡಮ್ಮ, ಹೆದರಿಕೆಯಾದದ್ದು ಬೇಗ ನಿಲ್ಲುತ್ತದೆ ಎಂದರು.

ಸ್ಟೌವ್ ಹಚ್ಚಬೇಡಮ್ಮ ಎಂದು ಹೊತ್ತು ಹೊತ್ತಿಗೆ ಹೇಳಿದ್ದೇ ಹೇಳಿದ್ದು. ಪ್ರತಿ ಸಲವೂ ಅವಳು ಈಗಷ್ಟೇ ಕೇಳಿದವಳಂತೆ ಯಾಕೆ ಎನ್ನುತ್ತಿದ್ದಳು.

ಒಂದು ಭಾನುವಾರ ನನ್ನ ಕಣ್ಣೆದುರಿಗೇ ಸ್ಟೌವ್ ಭಗ್ಗೆಂದು ಎದ್ದು ಅವಳ ಕೈ ಸುಟ್ಟಿತು. ಚೀರಿದಳು. ನಾನು ಬಟ್ಟೆ ಕಟ್ಟಿ ಮುಗಿಸುವಷ್ಟರಲ್ಲಿ ಕೈಗೆ ಏನಾಯಿತೆಂದು ನನ್ನನ್ನೇ ಕೇಳಿದಳು. ಬೆಂಕಿಯೇ ನಿಲ್ಲದ ತಲೆಯಲ್ಲಿ ಇನ್ನೇನು ನಿಂತೀತು?

ಗಾಯ ಆರಿದ ಮೇಲೆ ಒಂದು ಬೆಳಿಗ್ಗೆ ನಾನು ಕಾಫಿಗೆಂದು ಸ್ಟೌವ್ ಪಂಪ್ ಮಾಡುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖ ಬಿಳಚಿಕೊಂಡಿತು. ಓಡಿ ಬಂದು ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದಳು.

"ಅದ್ರ ಹತ್ರ ಹೋಗ್ಬೇಡ ಕಣೇ."

ಈ ಸಲ ಯಾಕೆಂದು ಕೇಳಿದವಳು ನಾನು.

"ಗೊತ್ತಿಲ್ಲ ಕಣೇ. ಯಾಕೋ ಭಯ ಆಯ್ತದೆ."

ಸುಟ್ಟ ಕಲೆಯಿದ್ದ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೆದರಮ್ಮ, ಚೆನ್ನಾಗಿ ಹೆದರು ಎನ್ನುತ್ತಾ ನಾನು ಗೊಳೋ ಎಂದು ಅತ್ತೆ.