ಹಾರುವ ಪೈಲವಾನನ ವಸ್ತಾದ

ಹೆಗಲ ಮೇಲೆ ಕಂಬಳಿ ಹೊದ್ದು ಆಕಾಶದಲ್ಲಿ ಹಾರುವ ಪೈಲವಾನನ ಚಿತ್ರಕಥೆ ಬರೆದು ಅಚ್ಚು ಹಾಕಿಸಿದರೆ ಮೊದಲು ಹುಡುಕಿಕೊಂಡು ಬರುವವರು ಯಾರು, ಹೇಳಿ ನೋಡೋಣ? ಹುಡುಗರಲ್ಲ. ಗೋಕಾಕದ ನನ್ನ ಕೋಣೆಗೆ ಬಂದವರು ಮೂಡಲಗಿಯ ವಸ್ತಾದರು, ಗರಡಿಯಲ್ಲಿ ಕುಸ್ತಿ ಕಲಿಸುವ ಗುರುಗಳು. ಬಾಗಿಲು ತುಂಬುವಂಥ ಆಳು. "ಮೂಡಲಗಿಯಿಂದ ಹುಕ್ಕೇರಿತನಕ ಇವನಿಗೆ ಜೋಡಿಯಿಲ್ಲ" ಎಂದು ನಾನು ರಟ್ಟಿನ ಮೇಲೆ ಬರೆದದ್ದು ಅವರ ಶಿಷ್ಯರಿಗೆ ಅವಮಾನವಾಗಿ ಕಂಡಿತ್ತು.

"ಅಂವಗ ಕಲಿಸಿದ ವಸ್ತಾದನ್ನ ಕರೀರಿ. ಕುಸ್ತಿ ಮಾತು ಗುರುಗಳ ಜೋಡಿನ ಆಡಬೇಕು," ಎಂದರು.

ನಾನು ರಟ್ಟಿನ ಮೇಲಿನ ಚಿತ್ರ ತೋರಿಸಿದೆ. "ಅಂವ ಕಾಗದದ ಮ್ಯಾಲಷ್ಟ ಅದಾನ್ರಿ. ಕಲಿಸಿದಾಂವ ನಾನ."

ನನ್ನ ಕಡ್ಡಿಯಂಥ ತೋಳು ನೋಡಿದರು. ಆಮೇಲೆ ಪುಸ್ತಕವನ್ನು ಪುಟಪುಟವಾಗಿ ನೋಡಿದರು.

"ಹಾರೂದು ಸುಳ್ಳ ಇರ್ಲಿ. ಪಟ್ಟು ಹಾಕಿದ್ದು ಖರೆ ಐತಿ. ಇಷ್ಟ ಛಲೋ ಕಾಲು ಹಿಡ್ಯಾಕ ನಮ್ಮ ಹುಡುಗರಿಗೂ ಬರೂದಿಲ್ಲ."

ಕುಸ್ತಿ ಗೊತ್ತು ಮಾಡಲು ತಂದಿದ್ದ ತೆಂಗಿನಕಾಯಿ, ವೀಳ್ಯದೆಲೆಯನ್ನು ನನ್ನ ಕೈಗಿಟ್ಟು, "ತಗೋರಿ ವಸ್ತಾದರ," ಎಂದರು.

ಮುಂದೆ ಎಷ್ಟೋ ಪುಸ್ತಕ ಬರೆದೆ. ಹಾರುವ ವೀರರನ್ನು ಬರೆಯುವ ತರುಣರು ಇಂದಿಗೂ ನನ್ನನ್ನು ಗುರು ಎನ್ನುತ್ತಾರೆ. ಆದರೆ ಮೈಗೆ ಒಮ್ಮೆಯೂ ಗರಡಿಯ ಮಣ್ಣು ಹತ್ತಿಸಿಕೊಳ್ಳದೆ ವಸ್ತಾದನಾದವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಆದದ್ದು ನಲವತ್ತಾರನೆಯ ಇಸವಿಯ ನಾಗರಪಂಚಮಿಯ ಮರುದಿನ.